ವಾಚ್‌ಮನ್ ಕಾಕ ಮತ್ತು ಇಬ್ರಿಯ ಏಳು ನಿಮಿಷ

ಕಳೆದ ತಿಂಗಳು ಮಸ್ಕತ್ತಿನ ರೂವಿಯ ಒಂದು ಸಭಾಂಗಣದಲ್ಲಿ ನಮ್ಮ ಕಡೆಯ ಮಕ್ಕಳು ಸೇರಿ ‘ನಮ್ಮ ಹಳೆಯ ಟಿವಿ’ ಎಂಬ ಕಾರ್ಯಕ್ರಮ ಇಟ್ಟುಕೊಂಡಿದ್ದರು. ವೇದಿಕೆಯ ಹಿಂದೆ ದೊಡ್ಡದೊಂದು ಫೋಟೊ. ಖಾಕಿ ಕೋಟು, ಮಂಕಿ ಕ್ಯಾಪು, ಕೈಯಲ್ಲಿ ಲಾಟೀನು, ಅರಳಿಸಿದ ಕಣ್ಣು. ಕೆಳಗೆ ‘ವಾಚ್‌ಮನ್ ಕಾಕ’ ಎಂದು ಬರೆದಿತ್ತು. ಆ ಮನುಷ್ಯನ ಸ್ವಂತ ಹೆಸರು ಎಲ್ಲಿಯೂ ಇರಲಿಲ್ಲ.

ಅವರ ಹೆಸರು ಹಸನಬ್ಬ. ಸುರತ್ಕಲ್ ಕಡೆಯ ಬ್ಯಾರಿ, ನಮ್ಮ ಕಂಪೆನಿಯ ಪೇಂಟ್ ಸ್ಟೋರಿನಲ್ಲಿ ಕೆಲಸ. ಅವರನ್ನು ಟಿವಿಯಿಂದ ತೆಗೆದದ್ದು ಒಂದು ತಪ್ಪಿಗಾಗಿ. ತಪ್ಪು ಮಾಡಿದವಳು ನಾನು, ತಲೆ ಕೊಟ್ಟವರು ಅವರು. ಇದನ್ನು ಮೊದಲೇ ಬರೆದು ಮುಗಿಸುತ್ತೇನೆ. ಕೊನೆಯವರೆಗೆ ಬಚ್ಚಿಟ್ಟು ಹೇಳಲು ಇದೇನು ದೆವ್ವದ ಕತೆಯಲ್ಲ.

ನನಗೀಗ ಐವತ್ತೆಂಟು. ಮೂವತ್ತಕ್ಕೂ ಹೆಚ್ಚು ವರ್ಷ ಮಸ್ಕತ್ತಿನ ಒಂದೇ ಕಂಪೆನಿಯಲ್ಲಿ, ಒಂದೇ ವಿಭಾಗದಲ್ಲಿ ದುಡಿದು ಈ ವರ್ಷ ನಿವೃತ್ತಳಾದೆ. ಈಗ ಕಂಪೆನಿಗಳಲ್ಲಿ ವಿಡಿಯೋ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ, “ಆಂಟಿ, ನಿಮ್ಮ ಕಾಲ ಎಷ್ಟು ಚೆಂದ ಇತ್ತಲ್ಲ” ಎನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಆದ್ದರಿಂದ ಆ ಕೆಲಸ ಹೇಗಿತ್ತು ಎಂದು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಮ್ಮದು ರಸ್ತೆ, ಕಟ್ಟಡ ಕಟ್ಟುವ ಕಂಪೆನಿ. ರೂವಿಯಲ್ಲಿ ಕುಟುಂಬಗಳ ಕಾಲನಿ, ದೂರದ ಇಬ್ರಿ ಮತ್ತು ಖಸಬ್ ಊರುಗಳಲ್ಲಿ ಕೆಲಸಗಾರರ ಕ್ಯಾಂಪು. ಆಗ ಮೊಬೈಲ್ ಇಲ್ಲ, ಮನೆಮನೆಗೆ ಡಿಶ್ ಇಲ್ಲ. ಮನರಂಜನೆಗೆಂದು ಕಂಪೆನಿಯೇ ವೈರು ಎಳೆದು ಒಂದು ಚಾನೆಲ್ ನಡೆಸುತ್ತಿತ್ತು. ಚಾನೆಲ್ ಎಂದರೆ ಎ.ಸಿ. ಇಲ್ಲದ ಒಂದು ಕೋಣೆ, ಎರಡು ವಿ.ಸಿ.ಆರ್., ಒಂದು ಕ್ಯಾಮೆರಾ ಮತ್ತು ನಾನು. ನನ್ನ ಗಂಡ ಅದೇ ಕಂಪೆನಿಯ ಗೋದಾಮಿನಲ್ಲಿದ್ದರು. ಹೆಂಡತಿಗೆ ಟೈಪಿಂಗ್ ಬರುತ್ತದೆ ಎಂಬ ಕಾರಣಕ್ಕೆ ನನ್ನನ್ನು ಸೇರಿಸಿಕೊಂಡರು. ನನ್ನ ಮೇಲಿನವರು ವೆಲ್ಫೇರ್ ಮ್ಯಾನೇಜರ್ ರಾಯರು, ಉಡುಪಿಯವರು. ಇಸ್ತ್ರಿ ಮುರಿಯದ ಅಂಗಿ, ಸದಾ ಕೈಯಲ್ಲಿ ಒಂದು ಕೆಂಪು ಪೆನ್ನು.

ಗುರುವಾರ ಸಂಜೆ ಸಿನಿಮಾ. ಆಗ ವಾರದ ರಜೆ ಗುರುವಾರ, ಶುಕ್ರವಾರ. ಕ್ಯಾಂಪಿನವರಿಗೆ ಅಳುವ ಸಿನಿಮಾ ಬೇಡ, ಊರಿನ ನೆನಪಾಗುತ್ತದೆ. ಅವರು ಕೇಳುತ್ತಿದ್ದದ್ದು ದೆವ್ವದ ಸಿನಿಮಾ. ಇಂಗ್ಲಿಷಾದರೂ ಅಡ್ಡಿಯಿಲ್ಲ, ಕಿರುಚಾಟಕ್ಕೆ ಭಾಷೆ ಬೇಡವಲ್ಲ. ಆದರೆ ಪ್ರತಿ ಸಿನಿಮಾವನ್ನೂ ನಾನು ಮೊದಲು ನೋಡಿ, ತೋರಿಸಬಾರದ್ದನ್ನೆಲ್ಲ ಕತ್ತರಿಸಬೇಕು. ಮುತ್ತು ಕೊಡುವುದು, ಬಾಟಲಿ, ಈಜುವ ಬಟ್ಟೆ, ಮಲಗುವ ಕೋಣೆ. ರಾಯರ ಕೆಂಪು ಪೆನ್ನು ಇನ್ನೂ ಮುಂದೆ ಹೋಗುತ್ತಿತ್ತು. ಸ್ನಾನದ ಕೋಣೆಯ ಬಾಗಿಲು ಮುಚ್ಚಿದ್ದರೂ ಅವರಿಗೆ ಬೇಡ. “ಒಳಗೆ ಏನೋ ನಡೆಯುತ್ತಿದೆ ಅಂತ ಜನ ಯೋಚನೆ ಮಾಡ್ತಾರೆ ಸರೋಜ, ಅದನ್ನೂ ತೆಗಿ,” ಎನ್ನುತ್ತಿದ್ದರು.

ಹೀಗೆ ತೆಗೆದೂ ತೆಗೆದೂ ಸಿನಿಮಾ ಗಿಡ್ಡವಾಗುತ್ತಿತ್ತು. ಸಮಯ ಮಾತ್ರ ಎರಡು ಗಂಟೆಯೆಂದು ಪ್ರಕಟವಾಗಿರುತ್ತಿತ್ತು. ಉಳಿದ ನಿಮಿಷಗಳನ್ನು ತುಂಬಿಸಲು ಒಬ್ಬ ಮನುಷ್ಯ ಬೇಕಾಯಿತು. ವಾಚ್‌ಮನ್ ಕಾಕ ಹುಟ್ಟಿದ್ದು ಹೀಗೆ, ಕತ್ತರಿ ತೆಗೆದ ಜಾಗದಲ್ಲಿ. ಯಾರ ತಲೆಯಲ್ಲೂ ಹೊಳೆದ ದೊಡ್ಡ ಕಲ್ಪನೆಯಲ್ಲ ಅದು.

ಸ್ಟೋರಿನಲ್ಲಿ ಪೇಂಟ್ ಡಬ್ಬಿ ಕೊಡುತ್ತಾ ಕತೆ ಹೇಳಿ ಜನರನ್ನು ನಿಲ್ಲಿಸಿಕೊಳ್ಳುವುದರಲ್ಲಿ ಹಸನಬ್ಬ ಪ್ರಸಿದ್ಧರು. ಹಿಂದಿ, ಮಲಯಾಳ, ತುಳು, ಕನ್ನಡ ಎಲ್ಲವನ್ನೂ ಒಂದೇ ವಾಕ್ಯದಲ್ಲಿ ತರುತ್ತಿದ್ದರು. ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೊದಲ ವಾರವೇ ಜಗಳ. ಭೂತದ ಹಾಗೆ ಮುಖಕ್ಕೆ ಬಣ್ಣ ಹಾಕಿಸಿ ಕೂರಿಸಿ ಎಂದರು ರಾಯರು. ಕಾಲನಿಯ ನಮ್ಮವರು ಸಿಟ್ಟಾದರು. ನಮ್ಮೂರಿನಲ್ಲಿ ಭೂತಕ್ಕೆ ಕೋಲ ಕೊಟ್ಟು ಕೈ ಮುಗಿಯುತ್ತೇವೆ, ಅದು ಹೆದರಿಸುವ ಗೊಂಬೆಯಲ್ಲ. ಹಾಗಾದರೆ ಜಿನ್ ಅಂತ ಮಾಡಿ ಎಂದರು ರಾಯರು. ಹಸನಬ್ಬ ಕೈ ಮುಗಿದರು. “ಸರ್, ಜಿನ್ನಿನ ವೇಷ ಹಾಕಿದರೆ ನಮ್ಮ ಮಸೀದಿಯ ಉಸ್ತಾದರು ನನ್ನನ್ನು ಬಿಡುವುದುಂಟಾ? ದೆವ್ವ ಟಿವಿಯಲ್ಲಿ ಇರಲಿ. ನಾನು ಅದರ ಗೇಟು ಕಾಯುವವ ಆಗ್ತೇನೆ. ವಾಚ್‌ಮನ್. ಹೆದರುವ ಕೆಲಸವನ್ನೂ ನಾನೇ ಮಾಡ್ತೇನೆ.”

ಅಲ್ಲಿಗೆ ಇತ್ಯರ್ಥವಾಯಿತು. ನನ್ನ ಮಾವನ ಹಳೆಯ ಖಾಕಿ ಕೋಟನ್ನು ನಾನೇ ಚಿಕ್ಕದು ಮಾಡಿ ಹೊಲಿದೆ. ಲಾಟೀನು ರೂವಿಯ ಅಂಗಡಿಯದ್ದು. ರಾಯರದ್ದು ಕೆಂಪು ಪೆನ್ನು ಮಾತ್ರ.

ಪ್ರತಿ ಬುಧವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮುಂದಿನ ವಾರದ ಸಿನಿಮಾಕ್ಕೆ ಚಿತ್ರೀಕರಣ. ಬಾಗಿಲಲ್ಲೇ ಅವರ ಪ್ರಶ್ನೆ: “ಇವತ್ತು ಎಷ್ಟು, ಸರೋಜಕ್ಕ?”

“ಹದಿನಾಲ್ಕು ನಿಮಿಷ, ಕಾಕ.”

“ಯಾ ಅಲ್ಲಾಹ್, ಹದಿನಾಲ್ಕಾ? ಈ ಸಲದ ದೆವ್ವಕ್ಕೆ ಮೈಮೇಲೆ ಬಟ್ಟೆಯೇ ಇಲ್ಲ ಅಂತ ಕಾಣ್ತದೆ.”

ಕೆಲಸ ಮಾತ್ರ ತಮಾಷೆಯದ್ದಾಗಿರಲಿಲ್ಲ. ದೆವ್ವ ಯಾಕೆ ಸಿಟ್ಟಾಗಿದೆ ಎಂಬುದು ಹೆಚ್ಚಾಗಿ ನಾನು ಕತ್ತರಿಸಿದ ದೃಶ್ಯದಲ್ಲೇ ಇರುತ್ತಿತ್ತು. ಗಂಡ ಮೋಸ ಮಾಡಿದ, ಹೆಂಡತಿ ಸತ್ತಳು, ದೆವ್ವವಾದಳು. ಮೋಸದ ಭಾಗ ಹೋದ ಮೇಲೆ ಅವಳು ಯಾಕೆ ಕುತ್ತಿಗೆ ಹಿಡಿಯುತ್ತಾಳೆ? ಆ ಕಾರಣವನ್ನು ಕಾಕ ಸ್ವಂತವಾಗಿ ಕಟ್ಟಬೇಕು, ಅದೂ ಇಷ್ಟೇ ನಿಮಿಷದಲ್ಲಿ, ಮಕ್ಕಳೂ ಕೇಳುವ ಹಾಗೆ. ಒಮ್ಮೆ ಹಾಳು ಬಂಗಲೆಯನ್ನು ಬಿಟ್ಟು ಹೋಗದ ದೆವ್ವದ ಸಿನಿಮಾ. ಕಾಕ ಲಾಟೀನು ಎತ್ತಿ ಹೇಳಿದರು: “ನೋಡಿ, ಇದಕ್ಕೆ ಊರಿಗೆ ಹೋಗಲಿಕ್ಕೆ ಮನಸ್ಸುಂಟು. ಮೂರು ವರ್ಷ ಆಯ್ತು. ಆದರೆ ಪಾಸ್‌ಪೋರ್ಟ್ ವೀಸಾ ಕೊಟ್ಟ ಕಫೀಲನ ಕಪಾಟಿನಲ್ಲಿ ಉಂಟು. ಸತ್ತ ಮೇಲೂ ಸಿಕ್ಕಲಿಲ್ಲ ಪಾಪ. ಮತ್ತೆ ಇಲ್ಲೇ ತಿರುಗದೆ ಏನು ಮಾಡ್ತದೆ?”

ಇಬ್ರಿಯ ಕ್ಯಾಂಪಿನಲ್ಲಿ ಜನ ತಟ್ಟೆ ಬಡಿದು ನಕ್ಕರಂತೆ. ಶನಿವಾರ ಬೆಳಿಗ್ಗೆ ರಾಯರು ಇಬ್ಬರನ್ನೂ ಕರೆದರು. “ಏನದು ಕಫೀಲ್, ಪಾಸ್‌ಪೋರ್ಟ್? ದೆವ್ವದ ವಿಷಯ ಹೇಳು ಅಂದರೆ ಕಂಪೆನಿ ವಿಷಯ ಹೇಳ್ತೀಯಾ?” ಕಾಕ ತಲೆ ತಗ್ಗಿಸಿ, “ದೆವ್ವದ ಪಾಸ್‌ಪೋರ್ಟ್ ಸರ್, ನಮ್ಮದಲ್ಲ,” ಎಂದರು. ನನಗೆ ನಗು ಬಂದು ಸೆರಗು ಬಾಯಿಗೆ ಒತ್ತಿಕೊಂಡೆ. ರಾಯರು ಅಂದಿನಿಂದ ಅವರ ಮೇಲೆ ಕಣ್ಣಿಡತೊಡಗಿದರು. ಆಗ ಅದು ನನಗೆ ಹೊಳೆಯಲಿಲ್ಲ.

ಈಗ ಬಾಂಗಿನ ವಿಷಯ. ಚಾನೆಲಿನಲ್ಲಿ ಏನೇ ನಡೆಯುತ್ತಿರಲಿ, ಸಂಜೆಯ ಮಗ್ರಿಬ್ ನಮಾಜಿನ ಹೊತ್ತಿಗೆ ನಿಲ್ಲಿಸಿ ಬಾಂಗ್ ಹಾಕಲೇಬೇಕು. ಆದರೆ ಸೂರ್ಯ ಮಸ್ಕತ್ತಿನಲ್ಲಿ ಮುಳುಗಿ ಏಳು ನಿಮಿಷ ಕಳೆದ ಮೇಲೆ ಇಬ್ರಿಯಲ್ಲಿ ಮುಳುಗುತ್ತಾನೆ. ಖಸಬಿನ ಲೆಕ್ಕವೂ ಬೇರೆ. ಟೇಪು ಮಾತ್ರ ಮೂರೂ ಕಡೆ ಒಂದೇ ಗಂಟೆಗೆ ಶುರು. ಹೀಗಾಗಿ ನಾನು ಒಂದೇ ಕಾರ್ಯಕ್ರಮಕ್ಕೆ ಮೂರು ಟೇಪು ಬೇರೆ ಬೇರೆ ಮಾಡುತ್ತಿದ್ದೆ. ಗೋಡೆಯ ಮೇಲೆ ಮೂರು ಊರಿನ ಬಾಂಗಿನ ಹೊತ್ತಿನ ಪಟ್ಟಿ ಅಂಟಿಸಿ, ಪ್ರತಿಯೊಂದರಲ್ಲೂ ಬಾಂಗ್ ಕೂರಿಸುವ ಜಾಗವನ್ನು ಕೈಯಾರೆ ಬದಲಿಸಿ, ಪೆಟ್ಟಿಗೆ ಕಟ್ಟಿ ಕಂಪೆನಿಯ ಗಾಡಿಗೆ ಕೊಡುತ್ತಿದ್ದೆ. ಒಂದು ಟೇಪಿಗೆ ಅರ್ಧ ದಿನ ಹಿಡಿಯುತ್ತಿತ್ತು.

ಆ ವರ್ಷ ರಂಜಾನಿಗೆ ಎರಡು ವಾರ ಮೊದಲು ಹೊಸ ಮೆಷಿನ್ ಬಂತು. ಒಂದು ಕಡೆ ಟೇಪು ಹಾಕಿದರೆ ಮೂರು ಪ್ರತಿ ಒಟ್ಟಿಗೆ ಬರುತ್ತದೆ. ರಾಯರಿಗೆ ಹಿಗ್ಗು. “ಇನ್ನು ಒಂದೂವರೆ ದಿನದ ಕೆಲಸ ಎರಡು ಗಂಟೆಯಲ್ಲಿ. ನಿನಗೆ ಇನ್ನೊಂದು ವಿಭಾಗದ ಟೈಪಿಂಗ್ ಕೂಡ ಕೊಡ್ತೇನೆ,” ಎಂದರು. ಕೊಟ್ಟೂ ಕೊಟ್ಟರು.

ರಂಜಾನಿನಲ್ಲಿ ದೆವ್ವದ ಸಿನಿಮಾ ಇಲ್ಲ. ಅದರ ಬದಲು ಕಾಕ ಕೋಟು, ಲಾಟೀನು ಬಿಟ್ಟು, ಬಿಳಿ ಟೋಪಿ ಹಾಕಿ, ಉಪವಾಸ ಬಿಡುವ ಮೊದಲಿನ ಹತ್ತು ನಿಮಿಷ ಮಕ್ಕಳ ಕತೆ ಹೇಳುವುದೆಂದು ಆಯಿತು. ಕೊನೆಯಲ್ಲಿ ಬಾಂಗ್. ಬಾಂಗ್ ಮುಗಿದ ಮೇಲೆ ಅವರು ಖರ್ಜೂರ ಎತ್ತಿ, “ಯಲ್ಲಾ, ಹೊತ್ತಾಯಿತು, ಬಾಯಿಗೆ ಹಾಕಿ,” ಎನ್ನುತ್ತಿದ್ದರು. ಮೊದಲ ವಾರದ ಟೇಪುಗಳನ್ನು ನಾನು ಹೊಸ ಮೆಷಿನಿಗೆ ಹಾಕಿದೆ. ಮೂರು ಪ್ರತಿ ಬಂತು. ಮೂರರಲ್ಲೂ ಮಸ್ಕತ್ತಿನ ಬಾಂಗ್. ಪಟ್ಟಿ ನನ್ನ ಕಣ್ಣೆದುರಿನ ಗೋಡೆಯಲ್ಲೇ ಇತ್ತು. ಟೈಪಿಂಗ್ ಕಾಗದಗಳ ರಾಶಿ ನೋಡುತ್ತಾ ಪೆಟ್ಟಿಗೆ ಕಟ್ಟಿದೆ.

ಖಸಬಿನಲ್ಲಿ ಮಸೀದಿ ಕ್ಯಾಂಪಿನ ಗೋಡೆಗೆ ತಾಗಿಯೇ ಇತ್ತು. ಅಲ್ಲಿ ಯಾರೂ ಟಿವಿ ನೋಡಿ ಉಪವಾಸ ಬಿಡುತ್ತಿರಲಿಲ್ಲ. ಇಬ್ರಿಯ ಕ್ಯಾಂಪು ಊರಿನಿಂದ ದೂರ, ಜಲ್ಲಿ ಕ್ವಾರಿಯ ಪಕ್ಕ. ಅಲ್ಲಿಗೆ ಯಾವ ಬಾಂಗೂ ಕೇಳಿಸದು. ಮೆಸ್ಸಿನ ಟಿವಿಯೇ ಗತಿ. ಮೊದಲ ಉಪವಾಸದ ದಿನ, ಬಿಸಿಲಲ್ಲಿ ಕಲ್ಲು ಒಡೆದು ಬಂದ ಗಂಡಸರು ಕಾಕನ ಮುಖ ನೋಡಿ, ಕಾಕನ ಮಾತು ಕೇಳಿ ಖರ್ಜೂರ ತಿಂದು ನೀರು ಕುಡಿದರು. ಆಗ ಇಬ್ರಿ ಊರಿನಿಂದ ಡ್ರೈವರ್ ಬಂದು, “ಇದೇನು, ಊರಿನ ಬಾಂಗಿಗೆ ಇನ್ನೂ ಹೊತ್ತುಂಟು, ನೀವಾಗಲೇ ತಿಂದಿರಾ?” ಎಂದ.

ಏಳು ನಿಮಿಷ. ಓದುವವರಿಗೆ ಏನಿದು ಎನಿಸಬಹುದು. ಆ ಬಿಸಿಲಿನಲ್ಲಿ ಬೆಳಗಿನ ಜಾವದಿಂದ ಉಗುಳು ನುಂಗಿ ಹಿಡಿದ ಉಪವಾಸ, ನೋಂಬು ಅದು. ಹೋಯಿತು. ಎಲ್ಲರೂ ಇನ್ನೊಂದು ದಿನ ಹಿಡಿದು ತುಂಬಿಸಿಕೊಡಬೇಕಾಯಿತು. ಅವರಿಗೆ ನಾನು ಯಾರೆಂದು ಗೊತ್ತಿಲ್ಲ, ಮೆಷಿನ್ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ ಮುಖ.

ಎರಡು ದಿನ ಬಿಟ್ಟು ರಾಯರ ಕೋಣೆಯಲ್ಲಿ ವಿಚಾರಣೆ. ಮೇಜಿನ ಮೇಲೆ ಟೈಪ್ ಮಾಡಿದ ಕಾಗದ. ಟೈಪ್ ಮಾಡಿದವಳು ನಾನೇ. ‘ನಿರೂಪಕನು ತಪ್ಪು ಹೊತ್ತನ್ನು ಹೇಳಿ ಕೆಲಸಗಾರರ ಧಾರ್ಮಿಕ ಭಾವನೆಗೆ ನೋವುಂಟುಮಾಡಿದ್ದಾನೆ.’ ಕಾಕ ಓದಿ, “ಸರ್, ನಾನು ಹೇಳಿದ್ದು ಬಾಂಗ್ ಆದ ಮೇಲೆ ಅಲ್ಲವಾ?” ಎಂದರು.

“ಹೇಳಿದ್ದು ನೀನು ಹೌದೋ ಅಲ್ಲವೋ?”

“ಹೌದು.”

“ಖಲಾಸ್. ಸೈನ್ ಮಾಡು.”

ಅವರು ನನ್ನ ಕಡೆ ತಿರುಗಿದರು. ಬೇಡಿಕೊಳ್ಳುವ ನೋಟವಲ್ಲ ಅದು. ಬುಧವಾರ ‘ಇವತ್ತು ಎಷ್ಟು’ ಎಂದು ಕೇಳುವಾಗಿನ ನೋಟ, ಲೆಕ್ಕ ನನ್ನ ಹತ್ತಿರ ಇರುತ್ತದೆಂಬ ನಂಬಿಕೆ. ನಾನು ನೆಲ ನೋಡಿದೆ. ಗಂಡನ ಕೆಲಸ, ನನ್ನ ಕೆಲಸ, ಮನೆ, ವೀಸಾ ಎಲ್ಲ ಒಂದೇ ಕಂಪೆನಿಯ ಕೈಯಲ್ಲಿ. ಬಾಯಿ ತೆರೆದರೆ ನಾಲ್ಕೂ ಹೋಗುತ್ತದೆ ಎಂದುಕೊಂಡೆ. ಅವರು ಸಹಿ ಹಾಕಿದರು. ಮರುವಾರ ಅವರನ್ನು ಖಸಬಿನ ಸ್ಟೋರಿಗೆ ಹಾಕಿದರು. ಕಾರ್ಯಕ್ರಮ ನಿಂತಿತು.

ಇಷ್ಟಕ್ಕೇ ಮುಗಿಯಲಿಲ್ಲ. ಕಾಕನ ಟೇಪುಗಳನ್ನೆಲ್ಲ ಅಳಿಸಿ ಸುರಕ್ಷತೆಯ ಪಾಠ ತುಂಬಿಸಲು ರಾಯರು ಹೇಳಿದರು. ತುಂಬಿಸಿದವಳೂ ನಾನು. ಹೆಲ್ಮೆಟ್ ಹಾಕುವುದು ಹೇಗೆ, ಏಣಿ ಹತ್ತುವುದು ಹೇಗೆ. ಹಳೆಯ ಕ್ಲಿಪ್ ಇದೆಯಾ ಎಂದು ಈಗ ಮಕ್ಕಳು ಕೇಳುತ್ತಾರೆ. ಒಂದೂ ಇಲ್ಲ, ಯಾಕೆ ಇಲ್ಲವೆಂದು ನಾನು ಬಲ್ಲೆ. ಆಮೇಲೆ ಸಿ.ಡಿ. ಬಂತು, ಕಂಪ್ಯೂಟರ್ ಬಂತು, ಗೋಡೆಗೆ ಅಂಟಿಸುವ ಸ್ಕ್ರೀನ್ ಬಂತು. ಎಲ್ಲವನ್ನೂ ಕಲಿತೆ. ಹೊಸ ಮೆಷಿನ್ ಬಂದಾಗಲೆಲ್ಲ ನಾನು ಮೊದಲು ಕೇಳುತ್ತಿದ್ದದ್ದು, ಹಳೆಯದರಲ್ಲಿ ಕೈಯಿಂದ ಮಾಡುತ್ತಿದ್ದ ಯಾವ ಕೆಲಸವನ್ನು ಇದು ಮಾಡುವುದಿಲ್ಲ ಎಂದು. ನೀವೂ ಕೇಳಿ. ಮಾರಲು ಬರುವವರು ಅದನ್ನು ಹೇಳುವುದಿಲ್ಲ.

ಕಾರ್ಯಕ್ರಮಕ್ಕೆ ಹಿಂತಿರುಗುತ್ತೇನೆ. ಅದನ್ನು ನಡೆಸಿದವಳು ನಿಶಾ ಎಂಬ ಹುಡುಗಿ, ಕಾಲನಿಯಲ್ಲೇ ಹುಟ್ಟಿ ಬೆಳೆದವಳು. ರಾಯರು ಮಸ್ಕತ್ತಿಗೆ ಬಂದಿದ್ದಾರೆ, ವಾಚ್‌ಮನ್ ಕಾಕನನ್ನು ಸೃಷ್ಟಿಸಿದ್ದಕ್ಕೆ ಅವರಿಗೆ ಸನ್ಮಾನ ಎಂದು ಫೋನಿನಲ್ಲಿ ಹೇಳಿದಳು.

“ಹಸನಬ್ಬರನ್ನು ಕರೆದಿದ್ದೀರಾ?”

“ಹೂ ಈಸ್ ದಟ್, ಆಂಟಿ?”

ನನಗೆ ಅಂದೇ ರಕ್ತ ಕುದಿಯಿತು. ಆದರೂ ಹೋದೆ. ರಾಯರು ಶಾಲು ಹೊದ್ದು ಮೈಕ್ ಹಿಡಿದು, ಆ ಪಾತ್ರ ತಮ್ಮ ತಲೆಯಲ್ಲಿ ಹೇಗೆ ಮೂಡಿತೆಂದು ವಿವರಿಸಿದರು. ಕೊನೆಗೆ ನಗುತ್ತಾ, “ವೇಷ ಹಾಕಲಿಕ್ಕೆ ಸ್ಟೋರಿನ ಒಬ್ಬ ಹುಡುಗನನ್ನು ಹಿಡಿದಿದ್ದೆವು. ಅವನು ರಂಜಾನಿನಲ್ಲಿ ಎಡವಟ್ಟು ಮಾಡಿ ಇಬ್ರಿಯವರಿಗೆ ಏಳು ನಿಮಿಷ ಮೊದಲೇ ಊಟ ಹಾಕಿಸಿಬಿಟ್ಟ!” ಎಂದರು. ಸಭೆಗೆ ಸಭೆಯೇ ನಕ್ಕಿತು.

ನಾನು ಎದ್ದು ಹೋಗಿ ಮೈಕಿಗೆ ಕೈ ಚಾಚಿದೆ. ನಿಶಾ, “ಆಂಟಿ, ಟೂ ಮಿನಿಟ್ಸ್, ಓಕೆ?” ಎಂದಳು. ಎರಡು ನಿಮಿಷ ಸಾಕಾಯಿತು. ಹಸನಬ್ಬರ ಹೆಸರು ಹೇಳಿದೆ. ಬಾಂಗ್ ತಪ್ಪು ಕೂರಿಸಿದವಳು ನಾನು, ಸುಮ್ಮನೆ ಕೂತವಳು ನಾನು, ಪಟ್ಟಿಯ ವಿಷಯ ಗೊತ್ತಿದ್ದೂ ಸಹಿ ಹಾಕಿಸಿದವರು ಈ ರಾಯರು ಎಂದು ಹೇಳಿದೆ.

ಏನಾಯಿತು ಎಂದುಕೊಂಡಿರಿ? ಚಪ್ಪಾಳೆ ತಟ್ಟಿದರು. ಯಾರೋ, “ಸೋ ಸ್ವೀಟ್, ಆಂಟಿ,” ಎಂದರು. ಇಬ್ಬರು ಹುಡುಗರು ಫೋಟೊದ ಕೆಳಗೆ ನಿಂತು ಕಣ್ಣರಳಿಸಿ ಸೆಲ್ಫಿ ತೆಗೆದುಕೊಂಡರು. ಅವರಿಗೆ ನನ್ನ ಮಾತೂ ಒಂದು ಹಳೆಯ ನೆನಪು, ಅಷ್ಟೆ.

ರಾಯರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಇಷ್ಟು ವರ್ಷ ಆದ ಮೇಲೆ ಯಾರಿಗೆ ಬೇಕು ಸರೋಜ ಇದು?” ಎಂದರು.

“ಕಾಕನಿಗೆ ಬೇಕು, ಸರ್.”

“ಅವನು ಇದ್ದಾನಾ ಇನ್ನೂ?”

ಇಷ್ಟು ವರ್ಷ ನಾನೂ ವಿಚಾರಿಸಿರಲಿಲ್ಲ. ರಾಯರ ಮೇಲಿನ ಸಿಟ್ಟು ಅರ್ಧ ನನ್ನ ಮೇಲೇ ತಿರುಗಿತು. ಮರುದಿನ ರೂವಿಯಲ್ಲಿ ಸುರತ್ಕಲಿನವರ ಅಂಗಡಿಗಳಿಗೆ ಅಲೆದು ನಂಬರ್ ಹುಡುಕಿದೆ. ಕಾಕ ಖಸಬಿನಲ್ಲೇ ಇದ್ದರು, ಅಳಿಯನ ಅಂಗಡಿಯಲ್ಲಿ. ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಸಭೆಯಲ್ಲಿ ಹೇಳಿದ್ದನ್ನೂ ಹೇಳಿದೆ. ಸಮಾಧಾನದ ಮಾತು ಬರಬಹುದೆಂಬ ಆಸೆ ಇತ್ತು, ಸುಳ್ಳು ಯಾಕೆ.

“ಮೆಷಿನ್ ಅಂತ ನನಗೆ ಗೊತ್ತಿತ್ತು,” ಎಂದರು ಕಾಕ. “ನೀವು ಹೇಳ್ತೀರಿ ಅಂತ ಕಾದೆ. ಒಂದು ವರ್ಷ ಕಾದೆ. ಆಮೇಲೆ ಬಿಟ್ಟೆ.”

“ತಪ್ಪಾಯಿತು, ಕಾಕ.”

“ರೂವಿಯವರಿಗೆ ಹೇಳಿದಿರಲ್ಲ, ಅವರ ನೋಂಬು ಹೋಗಿತ್ತಾ, ಅಕ್ಕ? ಹೋದದ್ದು ಇಬ್ರಿಯವರದ್ದು. ನಾನು ಅಲ್ಲಿಗೆ ಹೋಗಿ ಒಬ್ಬೊಬ್ಬರ ಹತ್ತಿರ ಮಾಫಿ ಕೇಳಿದ್ದೇನೆ. ಎಲ್ಲರೂ ಮಾಫ್ ಮಾಡಿದರು, ಮೊಯ್ದಿನ್ ಮಾಡಲಿಲ್ಲ. ಊರಿನಲ್ಲಿ ನನ್ನ ನೆರೆಮನೆಯವ, ಒಟ್ಟಿಗೆ ಮದರಸಕ್ಕೆ ಹೋದವ. ಟಿವಿಯಲ್ಲಿ ಮೆರೆಯಲಿಕ್ಕೆ ನಮ್ಮ ನೋಂಬು ಹಾಳು ಮಾಡಿದೆ ಅಂದ. ಅಂದಿನಿಂದ ನನ್ನ ಸಲಾಮಿಗೆ ಉತ್ತರ ಇಲ್ಲ. ನನ್ನ ಮಗಳ ಮದುವೆಗೂ ಬರಲಿಲ್ಲ. ಇಬ್ರಿಯಲ್ಲಿ ಈಗಲೂ ಟೈಲರ್ ಅಂಗಡಿ ಇಟ್ಟಿದ್ದಾನೆ. ಹೇಳುವುದಿದ್ದರೆ ಅವನಿಗೆ ಹೇಳಿ.” ಫೋನ್ ಇಟ್ಟರು.

ಆ ವಾರವೇ ರೂವಿಯಿಂದ ಬೆಳಗಿನ ಬಸ್ಸು ಹತ್ತಿದೆ. ಇಬ್ರಿಯ ಮಾರುಕಟ್ಟೆಯಲ್ಲಿ ಅಂಗಡಿ ಸಿಕ್ಕಿತು. ಮೊಯ್ದಿನ್ ಕನ್ನಡಕ ಮೂಗಿಗೆ ಇಳಿಸಿ ಬಟ್ಟೆ ಕತ್ತರಿಸುತ್ತಿದ್ದರು. ನಾನು ಯಾರೆಂದು ಹೇಳಿ, ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಕತ್ತರಿ ಕೆಳಗಿಡಲಿಲ್ಲ.

“ಆಗ ಯಾಕೆ ಹೇಳಲಿಲ್ಲ?”

“ಹೆದರಿಕೆ.”

“ನಮಗೆ ಹೆದರಿಕೆ ಇರಲಿಲ್ಲವಾ?” ಈಗ ಕತ್ತರಿ ಮೇಜಿಗೆ ಬಡಿಯಿತು. “ಮ್ಯಾನೇಜರನನ್ನು ಕೇಳುವ ಧೈರ್ಯ ನಮ್ಮಲ್ಲಿ ಒಬ್ಬನಿಗೂ ಇರಲಿಲ್ಲ. ಸಿಕ್ಕಿದ್ದು ಹಸನ್, ನಮ್ಮವನೇ. ಅವನಿಗೆ ಬೈದೆವು. ನೀವು ಎರಡು ಮಾತು ಹೇಳಿದ್ದರೆ ನಾನು ಇಷ್ಟು ವರ್ಷ ಅವನ ಮುಖ ನೋಡದೆ ಕೂರ್ತಿದ್ದೆನಾ? ಅವನನ್ನು ಹೆತ್ತ ಉಮ್ಮ ತೀರಿಕೊಂಡಾಗ ಊರಿನಲ್ಲೇ ಇದ್ದೆ. ಮಯ್ಯತ್ತಿಗೆ ಹೆಗಲು ಕೊಡಲಿಕ್ಕೂ ಹೋಗಲಿಲ್ಲ. ಅದನ್ನು ಯಾರು ತುಂಬಿಸಿ ಕೊಡ್ತಾರೆ? ನೀವು ಕೊಡ್ತೀರಾ?”

ಅವರು ಫೋನ್ ತೆಗೆದು, “ನಂಬರ್ ಹೇಳಿ,” ಎಂದರು. ಹೇಳಿದೆ. ಒತ್ತಿ ಮುಗಿಸಿ ಬಾಗಿಲ ಕಡೆ ಕೈ ತೋರಿಸಿದರು. “ನೀವು ಹೊರಗೆ ಹೋಗಿ.”

ಅಂಗಡಿಯ ಮುಂದಿನ ಕಟ್ಟೆಯಲ್ಲಿ ಬಿಸಿಲಿಗೆ ಮುಖ ಮಾಡಿ ಕೂತೆ. ಗಾಜಿನ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮೊದಲು ಸಲಾಂ ಕೇಳಿಸಿತು. ಮತ್ತೆ ಒಮ್ಮೆಲೇ ಮೊಯ್ದಿನ್ ಏರುದನಿಯಲ್ಲಿ ಬೈಯತೊಡಗಿದರು. ಆ ಕಡೆಯಿಂದಲೂ ಬೈಗುಳ ಬರುತ್ತಿರಬೇಕು, ಯಾಕೆಂದರೆ ಇವರು ಆಗಾಗ ನಿಲ್ಲಿಸಿ ಕೇಳಿ, ಇನ್ನೂ ಜೋರಾಗಿ ಉತ್ತರ ಕೊಡುತ್ತಿದ್ದರು. ಬ್ಯಾರಿ ಭಾಷೆ ನನಗೆ ಅಲ್ಲಲ್ಲಿ ಮಾತ್ರ ತಿಳಿಯುತ್ತದೆ. ಮದುವೆ ಎಂಬುದು ತಿಳಿಯಿತು, ಉಮ್ಮ ಎಂಬುದು ತಿಳಿಯಿತು. ನನ್ನ ಹೆಸರು ಒಮ್ಮೆಯೂ ಬರಲಿಲ್ಲ.

ಬಟ್ಟೆ ಹೊಲಿಸಲು ಬಂದ ಒಬ್ಬರು ಬಾಗಿಲ ಬಳಿ ನಿಂತು, “ಏನಮ್ಮ, ಒಳಗೆ ಜಗಳವಾ?” ಎಂದು ಹಿಂದಿಯಲ್ಲಿ ಕೇಳಿದರು.

“ಹೌದು. ಮುಗಿಯಲಿಕ್ಕೆ ಹೊತ್ತುಂಟು. ನೀವು ನಾಳೆ ಬನ್ನಿ,” ಎಂದೆ.